ಪೇಟ್ಲಿ ಬ್ರಿಜ್‌ನ ಹಳೇ ಮಿಠಾಯಿ ಅಂಗಡಿ: ಊರಿಂದ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಬೇಸಿಗೆ ಬಂತೆಂದರೆ ಊರಿಂದ ಯಾರಾದರೂ ಬರುತ್ತಾರೆ. ಅಪ್ಪ ಅಮ್ಮ, ಅತ್ತೆ ಮಾವ, ಚಿಕ್ಕಮ್ಮನ ಮಗ, ಅವನ ಹೆಂಡತಿ ಮಕ್ಕಳು. ಲಂಡನ್ ನೋಡಿ ಕಾಲು ನೋಯಿಸಿಕೊಂಡು ಬಂದಮೇಲೆ "ಇಲ್ಲೇ ಹತ್ತಿರ ಏನಾದ್ರೂ ಇದ್ಯಾ" ಅಂತ ಕೇಳುತ್ತಾರೆ. ನಾನು ಪೇಟ್ಲಿ ಬ್ರಿಜ್‌ಗೆ ಕರೆದುಕೊಂಡು ಹೋಗುತ್ತೇನೆ. ಪ್ರತಿ ಸಲವೂ ಅವೇ ಪ್ರಶ್ನೆಗಳು. ಈಗ ಸ್ನೇಹಿತರೂ ತಮ್ಮ ಮನೆಗೆ ಬಂದವರಿಗೆಂದು ಕೇಳತೊಡಗಿದ್ದಾರೆ, ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಪೆಪ್ಪರ್‌ಮೆಂಟು ತಗೊಳ್ಳೋಕೆ ಅಷ್ಟು ದೂರ ಹೋಗಬೇಕಾ?

ಪೆಪ್ಪರ್‌ಮೆಂಟು ಬರೀ ನೆಪ. ಯಾರ್ಕ್‌ಷೈರಿನ ನಿಡ್ಡರ್‌ಡೇಲ್ ಕಣಿವೆಯಲ್ಲಿ, ನಿಡ್ ಹೊಳೆಯ ದಡದಲ್ಲಿ ಇರುವ ಪುಟ್ಟ ಊರು ಇದು. ಹೆಸರು ಪೇಟ್ಲಿ, ಪೇಟೆ ಅಂತ ಇರುವುದು ಒಂದೇ ಬೀದಿ. ಆ ಬೀದಿಯಲ್ಲಿರುವ ಮಿಠಾಯಿ ಅಂಗಡಿ 1827ರಿಂದ ನಡೆಯುತ್ತಿದೆ. ಕಟ್ಟಡ ಅದಕ್ಕಿಂತ ಹಳೆಯದು, 1661ರದ್ದು. ಇಷ್ಟು ವರ್ಷ ಒಂದೇ ಸಮನೆ ನಡೆದುಕೊಂಡು ಬಂದ ಮಿಠಾಯಿ ಅಂಗಡಿ ಜಗತ್ತಿನಲ್ಲಿ ಇನ್ನೊಂದಿಲ್ಲ ಎಂದು ಗಿನ್ನಿಸ್‌ನವರೂ ದಾಖಲೆ ಕೊಟ್ಟಿದ್ದಾರೆ.

ಒಳಗೆ ಹೋದರೆ ಗೋಡೆ ತುಂಬ ಗಾಜಿನ ಭರಣಿಗಳು. ನಿಮಗೆ ಬೇಕಾದ್ದು ಹೇಳಿದರೆ ಅಂಗಡಿಯವರು ಭರಣಿ ಇಳಿಸಿ, ಮುಚ್ಚಳ ತಿರುಗಿಸಿ, ತಕ್ಕಡಿಗೆ ಸುರಿದು, ಕಾಗದದ ಚೀಲಕ್ಕೆ ಹಾಕಿ ಕೊಡುತ್ತಾರೆ. ನಮ್ಮಪ್ಪ ಮೊದಲ ಸಲ ಹೋದಾಗ ಮಿಠಾಯಿ ನೋಡಲೇ ಇಲ್ಲ. ತಕ್ಕಡಿಗೆ ಬೀಳುವ ಆ ಟಣಟಣ ಸದ್ದು ಕೇಳಿ "ನಮ್ಮ ಶೆಟ್ಟರ ಅಂಗಡಿ ಕಣೋ" ಅಂದರು.

ಹೋಗೋದು ಹೇಗೆ? ರೈಲಿದೆಯಾ?

ಇತ್ತು, ಈಗಿಲ್ಲ. ಪ್ರಯಾಣಿಕರ ರೈಲು 1951ರಲ್ಲೇ ನಿಂತುಹೋಯಿತು. ಲೀಡ್ಸ್‌ನಿಂದ ಹ್ಯಾರೊಗೇಟ್‌ವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ 24ನೇ ನಂಬರ್ ಬಸ್ ಹಿಡಿಯಬೇಕು. ಬಸ್ಸಿಗೆ ಸುಮಾರು ಒಂದು ಗಂಟೆ ಇಟ್ಟುಕೊಳ್ಳಿ. ಕಾರಿದ್ದರೆ ಬೇಗ, ಆದರೆ ಬಸ್ಸಿನ ಮೇಲ್ಗಡೆ ಸೀಟು ಸಿಕ್ಕಿದರೆ ಕಲ್ಲಿನ ಪಾಗಾರ, ಕುರಿ, ಹಸಿರು ಎಲ್ಲ ಕಾಣುತ್ತೆ, ಬಂದವರು ಸುಮ್ಮನೆ ಕೂತು ನೋಡುತ್ತಾರೆ, ನಮಗೂ ಸ್ವಲ್ಪ ವಿರಾಮ. ಬಸ್ಸುಗಳ ಸಂಖ್ಯೆ ಕಡಿಮೆ. ವಾಪಸ್ ಬರುವ ಹೊತ್ತನ್ನು ಹೋಗುವ ಮೊದಲೇ ನೋಡಿಟ್ಟುಕೊಳ್ಳಿ, ಅಂಗಡಿ ತೆರೆದಿರುವ ದಿನವನ್ನೂ.

ಅಮ್ಮನಿಗೆ ಮಂಡಿನೋವು. ನಡೆಯೋಕಾಗುತ್ತಾ?

ಬೀದಿ ಏರು. ಹೊಳೆ ಕಡೆಯಿಂದ ಹತ್ತಿಕೊಂಡು ಹೋಗಬೇಕು. ದೂರ ಏನಿಲ್ಲ, ಆದರೆ ಮಂಡಿ ಇಳಿಜಾರನ್ನು ಕ್ಷಮಿಸುವುದಿಲ್ಲ. ಅಂಗಡಿಯೂ ಚಿಕ್ಕದು. ನಾಲ್ಕು ಜನ ನಿಂತರೆ ಐದನೆಯವರು ಬಾಗಿಲಲ್ಲಿ. ಶನಿವಾರ, ಭಾನುವಾರ ಬೇಡ. ವಾರದ ಮಧ್ಯೆ ಬೆಳಿಗ್ಗೆ ಹೋದರೆ ಅಂಗಡಿಯವರಿಗೂ ಮಾತಾಡಲು ಪುರುಸೊತ್ತಿರುತ್ತದೆ.

ಎಷ್ಟು ಅಂತ ಕೇಳಬೇಕು? ಕೆಜಿ ಲೆಕ್ಕವಾ?

ಇಲ್ಲಿ ನಗು ಬರುವ ವಿಷಯ ಒಂದಿದೆ. ಹಳಬರು ಇಲ್ಲಿ "ಒಂದು ಕ್ವಾರ್ಟರ್ ಕೊಡಿ" ಅಂತಲೇ ಕೇಳುವುದು. ನಮ್ಮ ಕಡೆ ಕ್ವಾರ್ಟರ್ ಅಂದರೆ ಯಾವ ಅಂಗಡಿ ಅಂತ ಎಲ್ಲರಿಗೂ ಗೊತ್ತು. ನಮ್ಮ ಮಾವನವರು ಎಪ್ಪತ್ತು ದಾಟಿದ ಬಿಳಿ ಅಜ್ಜಿಯೊಬ್ಬರು ಕ್ವಾರ್ಟರ್ ಕೇಳಿದ್ದು ಕೇಳಿ ನನ್ನ ಮುಖ ನೋಡಿದರು.

ಇದು ಕಾಲು ಪೌಂಡ್. ನಾಲ್ಕು ಔನ್ಸ್, ಅಂದರೆ 113 ಗ್ರಾಂ. ಬಿಡಿಯಾಗಿ ತೂಗಿ ಮಾರುವ ಸಾಮಾನನ್ನು ಗ್ರಾಂ ಲೆಕ್ಕದಲ್ಲೇ ಮಾರಬೇಕು ಎಂಬ ನಿಯಮ 2000ದ ಜನವರಿಯಿಂದ ಬಂದಿದೆ. ಆದರೆ ಕೇಳುವವರು ಔನ್ಸಿನಲ್ಲಿ ಕೇಳಬಹುದು, ಅದಕ್ಕೇನೂ ಅಡ್ಡಿಯಿಲ್ಲ. ನಿಮಗೆ ಸುಲಭ ಅಂದರೆ "ನೂರು ಗ್ರಾಂ" ಅನ್ನಿ.

ಒಂದು ಮಾತು. ಒಂದೇ ಬಗೆ ಅರ್ಧ ಕೆಜಿ ತಗೋಬೇಡಿ. ಐದು ಬಗೆ, ಒಂದೊಂದು ನೂರು ಗ್ರಾಂ. ಪ್ರತಿಯೊಂದನ್ನೂ ಬೇರೆ ಚೀಲದಲ್ಲಿ ಹಾಕಿಸಿಕೊಳ್ಳಿ. ಪುದೀನಾ ವಾಸನೆಯದ್ದನ್ನು ಬೇರೆಯದರ ಜೊತೆ ಹಾಕಿದರೆ ಮನೆಗೆ ಬರುವಷ್ಟರಲ್ಲಿ ಎಲ್ಲವೂ ಪುದೀನಾ. ಪ್ರತಿ ಬಗೆಗೂ ಭರಣಿ ಇಳಿಸಬೇಕು, ಪ್ರತಿ ಸಲವೂ ಅಂಗಡಿಯವರ ಹತ್ತಿರ ಒಂದೆರಡು ಮಾತು ಆಡಬೇಕು, ಹಾಗೆ ಅರ್ಧ ಗಂಟೆ ಹೋಗುತ್ತೆ. ಕೆಲವರು ಬಾಗಿಲಲ್ಲಿ ಸೆಲ್ಫಿ ತೆಗೆದು, ಮೊದಲೇ ಕಟ್ಟಿಟ್ಟ ಒಂದು ಡಬ್ಬಿ ಎತ್ತಿಕೊಂಡು ಎರಡು ನಿಮಿಷದಲ್ಲಿ ಹೊರಗೆ ಬರುತ್ತಾರೆ. ಆ ಡಬ್ಬಿ ಏರ್‌ಪೋರ್ಟಿನಲ್ಲೂ ಸಿಗುತ್ತಿತ್ತು.

ನಾವು ಸಸ್ಯಾಹಾರಿಗಳು. ಏನು ತಿನ್ನಬಹುದು?

ಜಾಸ್ತಿ ಜನ ಕೇಳುವ ಪ್ರಶ್ನೆ ಇದೇ. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಗಟ್ಟಿ ಪೆಪ್ಪರ್‌ಮೆಂಟು, ಬಾಯಲ್ಲಿಟ್ಟುಕೊಂಡು ಚೀಪುವಂಥವು, ಬಹುತೇಕ ಸಕ್ಕರೆ, ಗ್ಲೂಕೋಸ್ ಪಾಕ, ಹುಳಿ, ಬಣ್ಣ, ವಾಸನೆ ಇಷ್ಟೇ. ತೊಂದರೆ ಇರುವುದು ಮೆತ್ತಗೆ, ರಬ್ಬರಿನ ಹಾಗೆ ಎಳೆದಾಡುವ ಬಗೆಗಳಲ್ಲಿ. ಅವುಗಳಲ್ಲಿ ಜೆಲಟಿನ್ ಇರುತ್ತದೆ, ಅಂದರೆ ದನ ಅಥವಾ ಹಂದಿಯ ಚರ್ಮ, ಮೂಳೆಯಿಂದ ತೆಗೆದ ಅಂಟು. ಜೆಲ್ಲಿ ಬೇಬೀಸ್, ಮಾರ್ಷ್‌ಮ್ಯಾಲೋ, ಹೆಸರಾಂತ ಕಂಪನಿಗಳ ವೈನ್ ಗಮ್ಸ್, ಬಣ್ಣ ಬಣ್ಣದ ಲಿಕೊರಿಸ್ ಆಲ್‌ಸಾರ್ಟ್ಸ್, ಇವೆಲ್ಲ ಆ ಪಟ್ಟಿಯಲ್ಲಿವೆ. ಜೆಲಟಿನ್ ಇಲ್ಲದೆ ಮಾಡಿದ್ದೂ ಸಿಗುತ್ತದೆ, ಕೇಳಬೇಕು ಅಷ್ಟೆ. ನೂಗಾ ಎಂಬ ಮಿಠಾಯಿಯಲ್ಲಿ ಮೊಟ್ಟೆಯ ಬಿಳಿ ಇರುತ್ತದೆ.

ಇನ್ನು ಕಟ್ಟುನಿಟ್ಟಿನವರಿಗೆ ಎರಡು ನಂಬರ್. ಇ120 ಅಂದರೆ ಒಂದು ಬಗೆಯ ಹುಳದಿಂದ ಮಾಡುವ ಕೆಂಪು ಬಣ್ಣ. ಇ904 ಅಂದರೆ ಮೇಲೆ ಹೊಳಪಿಗೆ ಹಚ್ಚುವ ಅರಗು, ಅರಗಿನ ಹುಳದಿಂದ ಬಂದದ್ದು. "ಪಾಂಡವರ ಅರಗಿನ ಮನೆಯ ಅರಗಾ?" ಅಂತ ನಮ್ಮತ್ತೆ ಕೇಳಿದರು. ಹೌದು ಅತ್ತೆ, ಅದೇ ಜಾತಿ.

ಬಿಡಿಯಾಗಿ ಮಾರುವ ತಿಂಡಿಯಲ್ಲೂ ಹಾಲು, ಮೊಟ್ಟೆ, ಕಡಲೆಕಾಯಿಯಂಥ ಅಲರ್ಜಿ ತರಿಸುವ 14 ಪದಾರ್ಥಗಳ ವಿವರ ಕೇಳಿದವರಿಗೆ ಸಿಗುವಂತಿರಬೇಕು ಎಂದು ಇಲ್ಲಿನ ಕಾನೂನಿದೆ. ಜೆಲಟಿನ್ ಆ 14ರಲ್ಲಿ ಇಲ್ಲ, ಆದ್ದರಿಂದ ಅದನ್ನು ಬಾಯಿಬಿಟ್ಟು ಬೇರೆಯಾಗಿ ಕೇಳಿ. ಸಂಕೋಚ ಬೇಡ. ನಾನು ಸಂಕೋಚಪಟ್ಟು ಕೆಟ್ಟೆ. ಬೇರೊಂದು ಊರಿನ ಬೇರೊಂದು ಅಂಗಡಿಯಲ್ಲಿ, ಹಿಂದೆ ಕ್ಯೂ ಇದೆ ಅಂತ ಏನೂ ಕೇಳದೆ ಮಿಕ್ಸ್ ಚೀಲ ತಂದೆ. ಅಮ್ಮ ಬಸ್ಸಿನಲ್ಲಿ ಮಗುವಿನ ಆಕಾರದ್ದೊಂದನ್ನು ಖುಷಿಯಿಂದ ತಿಂದು, ಎರಡನೆಯದನ್ನು ಬಾಯಿಗಿಡುವ ಹೊತ್ತಿಗೆ ನಾನು ಫೋನಿನಲ್ಲಿ ಹುಡುಕಿ ಓದಿದೆ. ಅಮ್ಮ ಬೈಯಲಿಲ್ಲ. ಕಿಟಕಿ ಕಡೆ ತಿರುಗಿ ಕೂತರು. ಬೈದಿದ್ದರೆ ವಾಸಿಯಿತ್ತು.

ವೈನ್ ಗಮ್ಸ್ ಅಂದ್ರೆ ಅದರಲ್ಲಿ ವೈನ್ ಇರುತ್ತಾ?

ಇಲ್ಲ. ಹೆಸರು ಮಾತ್ರ. 1909ರಲ್ಲಿ ಮೇನಾರ್ಡ್ಸ್ ಕಂಪನಿಯವರು ತಂದದ್ದು. ಕುಡಿತ ವಿರೋಧಿಸುವ ಮನೆತನ ಅವರದು, ಹೆಸರು ಕೇಳಿ ಅಪ್ಪ ಮಗನ ಮೇಲೆ ರೇಗಿದರಂತೆ. ಜೆಲಟಿನ್ ಮಾತು ಮೇಲೆ ಹೇಳಿದ್ದೇನೆ.

ಸರಿ, ಹಾಗಾದ್ರೆ ಏನೇನು ಕೇಳಿ ತಗೊಳ್ಳಲಿ?

ನನ್ನ ಪಟ್ಟಿ ಇದು, ನಿಮ್ಮ ನಾಲಿಗೆ ಬೇರೆ ಇರಬಹುದು.

ಪೇರ್ ಡ್ರಾಪ್ಸ್ ಮೊದಲು. ಅರ್ಧ ಗುಲಾಬಿ, ಅರ್ಧ ಹಳದಿ, ಮೇಲೆ ಸಕ್ಕರೆ ಪುಡಿ. ಪೇರಲೆ ಹಣ್ಣಲ್ಲ, ಪೇರ್ ಹಣ್ಣು. ಆದರೆ ಮೂಸಿದರೆ ಬಾಳೆಹಣ್ಣು ಮತ್ತು ಉಗುರುಬಣ್ಣ ಎರಡೂ ಸೇರಿದ ವಾಸನೆ. ಇದಕ್ಕೆ ಹಾಕುವ ಐಸೊಅಮೈಲ್ ಅಸಿಟೇಟ್ ಎನ್ನುವುದೇ ಮಾಗಿದ ಬಾಳೆಹಣ್ಣಿನ ವಾಸನೆಗೂ ಕಾರಣ. ಕೆಲವರು ಒಂದಕ್ಕೇ ಸಾಕು ಅನ್ನುತ್ತಾರೆ. ನಾನು ಚೀಲ ಖಾಲಿ ಮಾಡುತ್ತೇನೆ.

ಷರ್ಬತ್ ಲೆಮನ್. ಹೊರಗೆ ನಿಂಬೆಹುಳಿಯ ಗಟ್ಟಿ ಚಿಪ್ಪು, ಒಳಗೆ ಪುಡಿ. ಚಿಪ್ಪು ಒಡೆದಾಗ ಬಾಯಲ್ಲಿ ಬುಸ್ ಅನ್ನುತ್ತೆ. ಸಿಟ್ರಿಕ್ ಆಮ್ಲ, ಅಡುಗೆ ಸೋಡಾ ಎರಡೂ ಎಂಜಲಿಗೆ ಸೇರಿದಾಗ ಗುಳ್ಳೆ ಬರುತ್ತದೆ. ಈನೋ ಕುಡಿದವರಿಗೆ ಹೊಸದೇನಲ್ಲ, ರುಚಿ ಮಾತ್ರ ಎಷ್ಟೋ ಮೇಲು. ಅವಸರಪಟ್ಟು ಕಚ್ಚಬೇಡಿ, ಚಿಪ್ಪಿನ ಅಂಚು ನಾಲಿಗೆ ಕೊಯ್ಯುತ್ತೆ.

ಅನಿಸೀಡ್ ಬಾಲ್ಸ್ ಕಡುಕೆಂಪು ಗುಂಡು. ನಮ್ಮ ಜೀರಿಗೆ ಪೆಪ್ಪರ್‌ಮೆಂಟು ತಿಂದವರಿಗೆ ಈ ವಾಸನೆ ಗುರುತಿದೆ. ಹಿರಿಯರು ಇದಕ್ಕೇ ಬೀಳುತ್ತಾರೆ.

ಹಂಬಗ್ ಅನ್ನುವುದು ಕಪ್ಪು ಬಿಳಿ ಪಟ್ಟೆಯ ಪುದೀನಾ ಮಿಠಾಯಿ. ಚಳಿಗೆ ಒಳ್ಳೆಯದು. ಫಡ್ಜ್ ಬೇಕಾದರೆ ತಗೊಳ್ಳಿ, ಬೆಣ್ಣೆ, ಹಾಲು, ಸಕ್ಕರೆ ಕಾಯಿಸಿ ಕಡೆದದ್ದು, ಚೆನ್ನಾಗಿಯೇ ಇರುತ್ತದೆ. ಆದರೆ ಧಾರವಾಡ ಪೇಡೆ ತಿಂದು ಬೆಳೆದವರ ಮುಂದೆ ಇಟ್ಟರೆ "ಖೋವಾ ಎಲ್ಲಿ?" ಅನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಆ ಕಪ್ಪು ಬಿಲ್ಲೆ ಏನು? ಔಷಧಿ ತರ ಇದೆ.

ಔಷಧಿಯೇ ಆಗಿತ್ತು. ಅದು ಪಾಂಟಿಫ್ರಾಕ್ಟ್ ಕೇಕ್. ಕೇಕ್ ಅಂತ ಹೆಸರು, ಇರುವುದು ನಾಣ್ಯದಷ್ಟು ಅಗಲದ ಕರಿ ಬಿಲ್ಲೆ, ಮೇಲೆ ಕೋಟೆಯ ಮುದ್ರೆ. ಲೀಡ್ಸ್‌ನ ಆಚೆಗಿರುವ ಪಾಂಟಿಫ್ರಾಕ್ಟ್ ಊರಿನ ಸುತ್ತ ಒಂದು ಕಾಲದಲ್ಲಿ ಲಿಕೊರಿಸ್ ಗಿಡ ಬೆಳೆಯುತ್ತಿದ್ದರು. 1760ರಲ್ಲಿ ಜಾರ್ಜ್ ಡನ್‌ಹಿಲ್ ಎಂಬ ಅಲ್ಲಿನ ಔಷಧಿ ವ್ಯಾಪಾರಿ ಆ ಬೇರಿನ ರಸಕ್ಕೆ ಸಕ್ಕರೆ ಸೇರಿಸಿದ, ಕೆಮ್ಮಿನ ಮದ್ದು ಮಿಠಾಯಿಯಾಯಿತು ಅಂತ ಹೇಳುತ್ತಾರೆ.

ಲಿಕೊರಿಸ್ ಅಂದರೆ ನಮ್ಮ ಜೇಷ್ಠಮಧು. ಗಂಟಲು ಕಟ್ಟಿದರೆ ಅಜ್ಜಿ ಬಾಯಿಗೆ ಕಡ್ಡಿ ತುರುಕುತ್ತಿದ್ದರಲ್ಲ, ಅದೇ. ಆ ಹೆಸರು ಹೇಳಿದ ಕೂಡಲೇ ಊರಿಂದ ಬಂದವರ ಮುಖ ಬದಲಾಗುತ್ತದೆ. ಅನುಮಾನ ಹೋಗಿ ನೆಂಟಸ್ತನ ಶುರುವಾಗುತ್ತದೆ.

ಬಿಪಿ ಮಾತ್ರೆ ತಗೊಳ್ಳುವವರು ಮಾತ್ರ ಹುಷಾರು. ಇದರಲ್ಲಿರುವ ಗ್ಲಿಸಿರೈಜಿನ್ ರಕ್ತದ ಒತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ದಿನಕ್ಕೆ 57 ಗ್ರಾಂಗಿಂತ ಹೆಚ್ಚು ಕಪ್ಪು ಲಿಕೊರಿಸ್ಸನ್ನು ಎರಡು ವಾರ ತಿಂದರೆ ಅಪಾಯವಾಗಬಹುದು ಎಂದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯವರೇ ಎಚ್ಚರಿಸುತ್ತಾರೆ. ರುಚಿಗೆ ಒಂದು ಬಿಲ್ಲೆ ತಿಂದು ನೋಡುವುದು ಬೇರೆ, ಚೀಲ ಮಡಿಲಲ್ಲಿಟ್ಟುಕೊಂಡು ಟಿವಿ ನೋಡುವುದು ಬೇರೆ. ಗುಂಡಿಗೆಯ ತೊಂದರೆ ಇದ್ದರೆ ಆ ಒಂದು ಬಿಲ್ಲೆಯೂ ಬೇಡ.

ಇದನ್ನ ಹೇಗೆ ಮಾಡ್ತಾರೆ? ನೋಡಬಹುದಾ?

ಪಾಕ ಹಿಡಿಯೋದು ಗೊತ್ತಿರುವವರಿಗೆ ಅರ್ಧ ಕೆಲಸ ಗೊತ್ತಿದ್ದ ಹಾಗೆ. ನಾವು ಎಳೆ ಪಾಕಕ್ಕೆ ಜಾಮೂನು, ಉಂಡೆ ಪಾಕಕ್ಕೆ ಚಿಗಳಿ ಅಂತ ನಿಲ್ಲಿಸುತ್ತೇವೆ. ಇವರು ಅಲ್ಲಿ ನಿಲ್ಲಿಸದೆ ಮುಂದೆ ಹೋಗುತ್ತಾರೆ. ಸುಮಾರು 150 ಡಿಗ್ರಿ ಸೆಲ್ಸಿಯಸ್ ತನಕ. ತಣ್ಣೀರಿಗೆ ಒಂದು ಹನಿ ಬಿಟ್ಟರೆ ಗಾಜಿನ ಹಾಗೆ ಲಟಕ್ಕನೆ ಮುರಿಯಬೇಕು. ಆ ಪಾಕವನ್ನು ತಣ್ಣನೆಯ ಕಬ್ಬಿಣದ ಮೇಜಿನ ಮೇಲೆ ಸುರಿದು, ಹುಳಿ, ಬಣ್ಣ ಸೇರಿಸಿ, ಬಿಸಿ ಇರುವಾಗಲೇ ಚಪಾತಿ ಹಿಟ್ಟಿನ ಹಾಗೆ ಮಡಚಿ ಮಡಚಿ ನಾದುತ್ತಾರೆ. ಹಂಬಗ್‌ನ ಬಿಳಿ ಪಟ್ಟೆಗೆ ಯಾವ ಬಣ್ಣವನ್ನೂ ಹಾಕಿರುವುದಿಲ್ಲ. ಪಾಕದ ಒಂದು ಮುದ್ದೆಯನ್ನು ಗೋಡೆಯ ಕೊಕ್ಕೆಗೆ ನೇತುಹಾಕಿ ಎಳೆದು, ಮತ್ತೆ ಕೊಕ್ಕೆಗೆ ಹಾಕಿ ಎಳೆಯುತ್ತಿದ್ದರೆ ಗಾಳಿ ಸೇರಿ ಅದು ತಾನಾಗಿಯೇ ಬಿಳಿಯಾಗುತ್ತದೆ.

ಕಣ್ಣಾರೆ ನೋಡಬೇಕೆಂದರೆ ಡರಮ್ ಕಡೆಯ ಬೀಮಿಷ್ ಬಯಲು ಮ್ಯೂಸಿಯಂಗೆ ಹೋಗಿ. ಅಲ್ಲಿ 1900ರ ದಶಕದ ಪೇಟೆಯೊಂದನ್ನೇ ಕಟ್ಟಿದ್ದಾರೆ. ಅದರ ಮಿಠಾಯಿ ಅಂಗಡಿಯಲ್ಲಿ ಹಳೇ ರೀತಿಯಲ್ಲೇ ಮಾಡಿ ತೋರಿಸುತ್ತಾರೆ. ಅದಕ್ಕೆ ಬೇರೆಯೇ ಒಂದು ದಿನ ಬೇಕು.

ಅಲ್ಲಿಗೆ ಬರೋ ಇಲ್ಲಿನ ವಯಸ್ಸಾದವರು ಯಾಕೆ ಅಷ್ಟು ಭಾವುಕರಾಗ್ತಾರೆ? ಬರೀ ಪೆಪ್ಪರ್‌ಮೆಂಟು ಅಲ್ವಾ?

ಅವರು ಮಕ್ಕಳಾಗಿದ್ದಾಗ ಮಿಠಾಯಿಗೆ ರೇಷನ್ ಇತ್ತು. 1942ರ ಜುಲೈನಲ್ಲಿ ಶುರುವಾದದ್ದು. ಹೆಚ್ಚಿನ ಕಾಲ ಒಬ್ಬರಿಗೆ ವಾರಕ್ಕೆ ಸುಮಾರು ಮೂರು ಔನ್ಸ್, 85 ಗ್ರಾಂ. ಯುದ್ಧ ಮುಗಿದು ನಾಲ್ಕು ವರ್ಷವಾದ ಮೇಲೆ, 1949ರ ಏಪ್ರಿಲ್‌ನಲ್ಲಿ, ರೇಷನ್ ತೆಗೆದರು. ಜನ ಮುಗಿಬಿದ್ದರು, ಭರಣಿಗಳೆಲ್ಲ ಖಾಲಿಯಾದವು, ಆಗಸ್ಟ್‌ನಲ್ಲಿ ಮತ್ತೆ ರೇಷನ್ ಹಾಕಿದರು. ಕೊನೆಗೂ ಹೋಗಿದ್ದು 1953ರ ಫೆಬ್ರವರಿ 5ಕ್ಕೆ. ಹತ್ತೂವರೆ ವರ್ಷ ಅಂದರೆ ಒಂದಿಡೀ ಬಾಲ್ಯ.

ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು, ಹಬ್ಬದ ಸಕ್ಕರೆಗೆ ಕ್ಯೂ ನಿಂತ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೂ ಅಲ್ಲೊಬ್ಬ ಮುದುಕನ ಜೊತೆ ಕಾರ್ಡು, ಔನ್ಸು ಅಂತ ಕೈಸನ್ನೆಯಲ್ಲೇ ಹತ್ತು ನಿಮಿಷ ಮಾತಾಡಿದರು.

ಅಂಗಡಿಯಲ್ಲಿ ಕ್ಯಾಂಡಿ ಅಂದ್ರೆ ಅರ್ಥ ಆಗುತ್ತಾ?

ಆಗುತ್ತೆ, ಆದರೆ ಅದು ಅಮೆರಿಕದ ಮಾತು. ಇಲ್ಲಿ ಸ್ವೀಟ್ಸ್. ಅಂದ ಹಾಗೆ ಕ್ಯಾಂಡಿ ಅನ್ನುವ ಪದದ ಬೇರು ಸಂಸ್ಕೃತದ ಖಂಡ, ಶುಗರ್‌ನ ಬೇರು ಶರ್ಕರ. ನಮ್ಮ ಸಕ್ಕರೆಯೂ ಅಲ್ಲಿಂದಲೇ. ಪರ್ಷಿಯಾ, ಅರಬ್ ನಾಡು ಸುತ್ತಿಕೊಂಡು ಬಂದು ಇವರ ಬಾಯಿಗೆ ಬಿತ್ತು.

1827 ಅಂದ್ರೆ ಆಗ ಸಕ್ಕರೆ ಎಲ್ಲಿಂದ ಬರ್ತಿತ್ತು?

ಇದನ್ನು ಕೇಳಿದ್ದು ಹೈಸ್ಕೂಲಿನ ನನ್ನ ಸೋದರಳಿಯ, ದೊಡ್ಡವರು ಯಾರೂ ಕೇಳಿಲ್ಲ. ಬಹುಪಾಲು ಕೆರಿಬಿಯನ್ ದ್ವೀಪಗಳಿಂದ. ಅಲ್ಲಿ ಕಬ್ಬು ಕಡಿಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಮತ್ತು ಅವರ ಮಕ್ಕಳು. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡುವ ಕಾಯ್ದೆ ಬಂದಿದ್ದು 1833ರಲ್ಲಿ, ಅಂಗಡಿ ತೆರೆದು ಆರು ವರ್ಷದ ಮೇಲೆ. ಆ ಕಾಲದಲ್ಲೇ ಗುಲಾಮಗಿರಿ ವಿರೋಧಿಸುವ ಮನೆಗಳಲ್ಲಿ "ಗುಲಾಮರು ಮಾಡದ ಈಸ್ಟ್ ಇಂಡಿಯಾ ಸಕ್ಕರೆ" ಎಂದು ಬರೆದ ಬಟ್ಟಲುಗಳು ಇರುತ್ತಿದ್ದವು. ಅಂದರೆ ನಮ್ಮ ಕಡೆಯ ಸಕ್ಕರೆ. ಕಂಪನಿ ಆಳ್ವಿಕೆಯಲ್ಲಿ ನಮ್ಮ ರೈತರು ಎಷ್ಟು ಸುಖವಾಗಿದ್ದರು ಅಂತ ಆ ಬಟ್ಟಲಿನ ಮೇಲೆ ಬರೆದಿರಲಿಲ್ಲ, ಬಿಡಿ.

ಮಕ್ಕಳನ್ನ ಕರ್ಕೊಂಡು ಹೋಗಬಹುದಾ? ಶುಗರ್ ಇರೋರು?

ಹೋಗಬಹುದು. ಗುಂಡನೆಯ ಗಟ್ಟಿ ಮಿಠಾಯಿಯನ್ನು ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಹಲ್ಲಿನ ಸೆಟ್ ಹಾಕಿಕೊಂಡವರು ಟಾಫಿಯಿಂದ ದೂರ ಇರಿ.

ಶುಗರ್ ಇರುವವರಿಗೆ ಸಕ್ಕರೆ ಇಲ್ಲದ ಬಗೆಗಳೂ ಸಿಗುತ್ತವೆ. ಆದರೆ ಅದರಲ್ಲಿ ಹಾಕುವ ಮಾಲ್ಟಿಟಾಲ್‌ನಂಥವು ಜಾಸ್ತಿಯಾದರೆ ಹೊಟ್ಟೆ ಕೆಡಿಸುತ್ತವೆ, ಪ್ಯಾಕೆಟ್ ಮೇಲೇ ಬರೆದಿರುತ್ತಾರೆ. ನಮ್ಮ ಮಾವ "ಸಕ್ಕರೆ ಇಲ್ವಲ್ಲ" ಅಂತ ಧೈರ್ಯವಾಗಿ ಇಡೀ ಚೀಲ ಮುಗಿಸಿದರು. ಮರುದಿನದ ಯಾರ್ಕ್ ಪ್ರವಾಸ ರದ್ದಾಯಿತು.

ಊರಿಗೆ ತಗೊಂಡು ಹೋದರೆ ಕೆಡುತ್ತಾ?

ಗಟ್ಟಿ ಪೆಪ್ಪರ್‌ಮೆಂಟು ಕೆಡುವುದಿಲ್ಲ, ಆದರೆ ಗಾಳಿಯ ತೇವ ಹೀರುತ್ತದೆ. ಕಾಗದದ ಚೀಲದಲ್ಲೇ ಜುಲೈ ತಿಂಗಳಲ್ಲಿ ಮಂಗಳೂರಿಗೆ ಒಯ್ದರೆ ಎಲ್ಲ ಸೇರಿ ಒಂದೇ ಉಂಡೆ. ಹೊರಡುವ ಮೊದಲು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಫಡ್ಜ್, ಚಾಕಲೇಟ್ ಏಪ್ರಿಲ್ ಮೇ ತಿಂಗಳ ರಾಯಚೂರಿಗೆ ಒಯ್ಯುವ ಸಾಹಸ ಬೇಡ. ಕೊಡುಗೆಗೆ ಅಂತಾದರೆ ಹ್ಯಾರೊಗೇಟ್‌ನ ಫ್ಯಾರಾಸ್ ಟಾಫಿ ನೋಡಿ, 1840ರಿಂದ ಇದೆ, ನೀಲಿ ಬೆಳ್ಳಿ ಬಣ್ಣದ ತಗಡಿನ ಡಬ್ಬಿಯಲ್ಲಿ ಬರುತ್ತದೆ. ಹ್ಯಾರೊಗೇಟ್‌ನ ಗಂಧಕದ ನೀರನ್ನು ಔಷಧಿ ಅಂತ ಕುಡಿಯುತ್ತಿದ್ದವರಿಗೆ ಆಮೇಲೆ ಬಾಯಿರುಚಿ ಸರಿಮಾಡಿಕೊಳ್ಳಲು ಮಾಡಿದ ಟಾಫಿಯಿದು. ಡಬ್ಬಿಯನ್ನು ಆಮೇಲೆ ಸೂಜಿ ದಾರಕ್ಕೆ ಇಟ್ಟುಕೊಳ್ಳಬಹುದು, ನಮ್ಮ ಅತ್ತಿಗೆ ಬೇಡಿ ಪಡೆದದ್ದು ಖಾಲಿ ಡಬ್ಬಿಯನ್ನೇ.

ಮಿಠಾಯಿ ತಗೊಂಡಾಯ್ತು, ಉಳಿದ ಹೊತ್ತು ಏನು ಮಾಡೋದು?

ಹೊಳೆ ದಂಡೆಯಲ್ಲಿ ಬೆಂಚು ಹುಡುಕಿ ಕೂತುಕೊಳ್ಳಿ. ಕಾರಿದ್ದರೆ ಬ್ರಿಮಮ್ ರಾಕ್ಸ್ ಹತ್ತಿರವೇ ಇದೆ, ಒಂದರ ಮೇಲೊಂದು ಪೇರಿಸಿಟ್ಟ ಹಾಗಿರುವ ಬಂಡೆಗಳು. ಹಂಪಿ ನೋಡಿದವರು ಅದನ್ನು ನೋಡಿ "ಹ್ಞೂಂ" ಅಂತ ಮಾತ್ರ ಅನ್ನುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಊರಿನೊಳಗೆ ನಿಡ್ಡರ್‌ಡೇಲ್ ಮ್ಯೂಸಿಯಂ ಇದೆ, ಬಡವರನ್ನು ಇಟ್ಟು ದುಡಿಸುತ್ತಿದ್ದ ಹಳೇ ವರ್ಕ್‌ಹೌಸ್ ಕಟ್ಟಡದಲ್ಲಿ. ಮಳೆ ಬಂದರೆ ಅದೇ ಗತಿ, ಮತ್ತು ಮಳೆ ಬಂದೇ ಬರುತ್ತದೆ, ಕೊಡೆ ಮರೆಯಬೇಡಿ. ಬಸ್ ಹೊತ್ತಿಗೆ ಹತ್ತು ನಿಮಿಷ ಮೊದಲೇ ನಿಲ್ದಾಣದಲ್ಲಿರಿ. ಷರ್ಬತ್ ಲೆಮನ್ ಚೀಲವನ್ನು ಅಪ್ಪನ ಕೈಗೆ ಕೊಡಬೇಡಿ, ಹ್ಯಾರೊಗೇಟ್ ಬರುವಷ್ಟರಲ್ಲಿ ಚೀಲ ಮಾತ್ರ ಉಳಿದಿರುತ್ತದೆ.